ಗುಲಾಬಿಯನ್ನು ಬರೆದು ಬಣ್ಣ ತುಂಬುವ ಬಗೆ

ಗುಲಾಬಿಯ ಚಿತ್ರವನ್ನು ಮೊದಲ ಬಾರಿಗೆ ಬರೆಯುವವರು ಸಾಮಾನ್ಯವಾಗಿ ಹಾಳೆಯ ನಡುವೆ ಒಂದು ಸುರುಳಿ ಎಳೆದು, ಅದರ ಸುತ್ತ ಒಂದೇ ಅಳತೆಯ ಎಸಳುಗಳನ್ನು ಜೋಡಿಸುತ್ತಾ ಹೋಗುತ್ತಾರೆ. ಹೀಗೆ ಬರೆದ ಹೂವು ಗುಲಾಬಿಯೆಂದು ಗುರುತು ಸಿಗುತ್ತದಾದರೂ ಬಟ್ಟೆಯ ಮೇಲಿನ ಅಚ್ಚಿನಂತೆ ಚಪ್ಪಟೆಯಾಗಿ ಕಾಣುತ್ತದೆ. ನಿಜವಾದ ಹೂವಿನಲ್ಲಿ ಎಸಳುಗಳು ಬಟ್ಟಲಿನ ಆಕಾರದಲ್ಲಿ ಒಂದನ್ನೊಂದು ಸುತ್ತಿಕೊಂಡಿರುತ್ತವೆ. ಆ ಬಟ್ಟಲನ್ನು ಮೊದಲು ಬರೆಯದೆ ಎಸಳುಗಳಿಗೆ ಕೈಹಾಕಿದರೆ ಅವುಗಳಿಗೆ ನೆಲೆಯೇ ಸಿಗುವುದಿಲ್ಲ.

ಇಲ್ಲಿ ಹೇಳುವ ವಿಧಾನ ಜಲವರ್ಣಕ್ಕೆ ಸಂಬಂಧಿಸಿದ್ದು. ತೆಳು ಹಾಳೆ ನೀರು ತಾಗಿದೊಡನೆ ಸುಕ್ಕಾಗುವುದರಿಂದ 300 ಜಿಎಸ್‌ಎಂ, ಅಂದರೆ ಚದರ ಮೀಟರಿಗೆ 300 ಗ್ರಾಂ ತೂಗುವ, ಜಲವರ್ಣದ ದಪ್ಪ ಹಾಳೆಯನ್ನೇ ಬಳಸಬೇಕು. ಜೊತೆಗೆ ಒಂದು ಎಚ್‌ಬಿ ಪೆನ್ಸಿಲ್, ಮೆದುವಾದ ರಬ್ಬರ್, 4 ಮತ್ತು 8ನೆಯ ಸಂಖ್ಯೆಯ ದುಂಡು ಕುಂಚಗಳು, ಎರಡು ಲೋಟ ನೀರು ಇದ್ದರೆ ಸಾಕು. ಗುಲಾಬಿ ಬಣ್ಣವನ್ನು ಆರಿಸುವಾಗ ಮಾತ್ರ ಟ್ಯೂಬಿನ ಮೇಲಿನ ವರ್ಣದ್ರವ್ಯದ ಸಂಕೇತವನ್ನು ಓದಿಕೊಳ್ಳುವುದು ಒಳ್ಳೆಯದು: ಪಿವಿ 19 ಎಂದಿರುವ ಕ್ವಿನಾಕ್ರಿಡೋನ್ ರೋಸ್ ಬೆಳಕಿಗೆ ಚೆನ್ನಾಗಿ ತಾಳಿಕೊಳ್ಳುತ್ತದೆ, ಪಿಆರ್ 83 ಎಂದಿರುವ ಅಲಿಜರಿನ್ ಕ್ರಿಮ್ಸನ್ ಕಾಲಕ್ರಮೇಣ ಮಾಸುತ್ತದೆ.

ಪೂರ್ತಿ ಅರಳಿದ ಹೂವಿಗಿಂತ ಅರೆಬಿರಿದ ಹೂವನ್ನು, ಅದೂ ತುಸು ಮೇಲಿನಿಂದ ಓರೆಯಾಗಿ ಕಾಣುವಂತೆ ಇಟ್ಟುಕೊಂಡು ಬರೆಯುವುದು ಕಲಿಯುವವರಿಗೆ ಸುಲಭ. ಮೊದಲು ಪೆನ್ಸಿಲನ್ನು ಒತ್ತದೆ ಬಟ್ಟಲಿನ ಬಾಯಿಗೆ ಒಂದು ಅಂಡಾಕಾರವನ್ನೂ ಅದರ ಕೆಳಗೆ ತಳದ ಕಡೆಗೆ ಕಿರಿದಾಗುವ ಒಡಲನ್ನೂ ಬರೆಯಿರಿ; ಬಾಯಿಯ ನಡುವಿನಿಂದ ತೊಟ್ಟಿನವರೆಗೆ ಒಂದು ನಡುಗೆರೆಯನ್ನು ಎಳೆಯಿರಿ. ಹೂವು ಯಾವ ಕಡೆಗೆ ವಾಲಿದೆಯೆಂಬುದನ್ನು ಈ ಗೆರೆ ಹೇಳುತ್ತದೆ. ನಂತರ ಅಂಡಾಕಾರದ ಒಳಗೆ, ತುಸು ಹಿಂಬದಿಗೆ ಸರಿದಂತೆ, ಬಿಗಿಯಾಗಿ ಸುತ್ತಿದ ಒಳಮೊಗ್ಗನ್ನು ಬರೆದು, ಅದನ್ನು ಅಪ್ಪಿಕೊಂಡಂತೆ ಎಳೆಚಂದ್ರನ ಆಕಾರದ ಗೆರೆಗಳನ್ನು ಒಂದೊಂದಾಗಿ ಹೊರಕ್ಕೆ ಬರೆಯುತ್ತಾ ಬನ್ನಿ. ಪ್ರತಿ ಎಸಳೂ ಒಳಗಿನ ಎಸಳೊಂದರ ಮರೆಯಿಂದ ಹೊರಡಬೇಕು. ಒಳಸುತ್ತಿನ ಎರಡು ಎಸಳು ಕೂಡುವ ಜಾಗದ ಎದುರಿಗೆ ಹೊರಸುತ್ತಿನ ಎಸಳಿನ ನಡುಭಾಗ ಬರಬೇಕು. ಛಾವಣಿಗೆ ಹೆಂಚು ಹೊದಿಸುವ ಕ್ರಮವನ್ನು ನೆನಪಿಸಿಕೊಂಡರೆ ಇದರಲ್ಲಿ ತಪ್ಪಾಗುವುದಿಲ್ಲ.

ಗುಲಾಬಿಗೆ ಗುಲಾಬಿಯ ಚಹರೆ ಬರುವುದು ಹೊರ ಎಸಳುಗಳ ಮಡಿಕೆಯಿಂದ. ಅವುಗಳ ಅಂಚು ಹಿಂದಕ್ಕೆ ಸುರುಳಿಗೊಳ್ಳುವುದರಿಂದ ಅಲ್ಲಿ ಒಂದು ಗೆರೆ ಸಾಲದು. ಎಸಳು ಬಾಗುವ ಕಡೆ ಒಂದು ಗೆರೆ, ಮಡಿಚಿ ಬಂದ ತುದಿಗೆ ಇನ್ನೊಂದು ಗೆರೆ, ಹೀಗೆ ಎರಡನ್ನು ಬರೆದು ಎರಡೂ ಕೊನೆಗಳಲ್ಲಿ ಅವು ಸೇರಿಕೊಳ್ಳುವಂತೆ ಮಾಡಬೇಕು. ನಡುವೆ ಉಳಿಯುವ ಪಟ್ಟಿ ಎಲ್ಲ ಕಡೆಯೂ ಒಂದೇ ಅಗಲವಾಗಿದ್ದರೆ ಸೀರೆಯ ಅಂಚಿನಂತೆ ಕಾಣುತ್ತದೆ. ಒಂದು ಕಡೆ ದಪ್ಪ, ಒಂದು ಕಡೆ ಸಪೂರವಾಗಿದ್ದರೆ ಮಾತ್ರ ಅದು ಎಸಳಾಗುತ್ತದೆ. ಈ ಒಂದು ಮಡಿಕೆಯನ್ನೇ ಬೇರೆ ಹಾಳೆಯಲ್ಲಿ ಇಪ್ಪತ್ತು ಸಲ ಬರೆದು ಕೈ ಪಳಗಿಸಿಕೊಳ್ಳುವುದು ಇಪ್ಪತ್ತು ಹೂವು ಬರೆಯುವುದಕ್ಕಿಂತ ಲಾಭದಾಯಕವೆಂದು ನನ್ನ ಅಭಿಪ್ರಾಯ.

ಬಣ್ಣ ತುಂಬುವ ಮುನ್ನ ರಬ್ಬರನ್ನು ಹಗುರವಾಗಿ ಒತ್ತಿ ಗೆರೆಗಳನ್ನು ಮಸುಕಾಗಿಸಿರಿ. ಬಳಿಕ ಒಂದು ಎಸಳನ್ನು ಮಾತ್ರ ಶುದ್ಧ ನೀರಿನಿಂದ ಒದ್ದೆ ಮಾಡಿ, ಅದು ಪಕ್ಕದ ಎಸಳಿನ ಅಡಿಗೆ ಹೋಗಿ ಮರೆಯಾಗುವ ಕಡೆ ಬಣ್ಣವನ್ನು ಮುಟ್ಟಿಸಿದರೆ ಬಣ್ಣ ತಾನಾಗಿಯೇ ಅಂಚಿನ ಕಡೆಗೆ ತೆಳುವಾಗುತ್ತಾ ಹರಡುತ್ತದೆ. ಅಂಚನ್ನು ಹೆಚ್ಚುಕಡಿಮೆ ಬಿಳಿಯಾಗಿಯೇ ಬಿಡಬೇಕು. ತಾಗಿಕೊಂಡಿರುವ ಎಸಳಿಗೆ ತಕ್ಷಣ ಕೈಹಾಕಿದರೆ ಎರಡರ ಬಣ್ಣವೂ ಬೆರೆತು ಗಡಿ ಅಳಿಸಿಹೋಗುವುದರಿಂದ, ಒಂದನ್ನು ಬಿಟ್ಟು ಇನ್ನೊಂದಕ್ಕೆ ಬಣ್ಣ ಹಾಕುತ್ತಾ, ಮೊದಲಿನವು ಒಣಗಿದ ಮೇಲೆ ಉಳಿದವನ್ನು ತುಂಬಿರಿ. ಹಾಳೆಯ ಮೇಲೆ ನೀರಿನ ಹೊಳಪು ಇರುವವರೆಗೆ ಬಣ್ಣವನ್ನು ಸೇರಿಸಬಹುದು. ಹೊಳಪು ಆರಿ ಅರೆ ಒದ್ದೆಯಾಗಿರುವಾಗ ನೀರು ತುಂಬಿದ ಕುಂಚವನ್ನು ತಾಗಿಸಿದರೆ ಹೂಕೋಸಿನ ಅಂಚಿನಂತಹ ಕಲೆ ಏಳುತ್ತದೆ. ಆಗ ತಿದ್ದಲು ಹೋಗದೆ ಒಣಗಲು ಬಿಡುವುದೇ ಮೇಲು. ಜಲವರ್ಣ ಒಣಗಿದ ಮೇಲೆ ತಿಳಿಯಾಗುತ್ತದೆಯಾದ್ದರಿಂದ ಬೇಕಾದುದಕ್ಕಿಂತ ತುಸು ಗಾಢವಾಗಿಯೇ ಬಣ್ಣವನ್ನು ಕಲಸಿಕೊಳ್ಳಬೇಕು.

ಎರಡನೆಯ ಲೇಪನ ನೆರಳಿನದು, ಹೂವಿಗೆ ಆಳ ಬರುವುದು ಇಲ್ಲಿಯೇ. ಒಳಮೊಗ್ಗಿನ ಸಂದುಗಳಲ್ಲಿ, ಎಸಳು ಎಸಳಿನ ಮೇಲೆ ಬೀಳುವ ಕಡೆಗಳಲ್ಲಿ, ಮಡಿಕೆಯ ಕೆಳಗೆ ಗಾಢ ಬಣ್ಣವಿಟ್ಟು, ಅದರ ಒಂದು ಬದಿಯನ್ನು ಒದ್ದೆ ಕುಂಚದಿಂದ ಮೆದುಗೊಳಿಸಬೇಕು. ನೆರಳಿಗೆ ಕಪ್ಪು ಬಣ್ಣವನ್ನು ಬೆರೆಸಿದರೆ ಹೂವು ಮಸಿ ಮೆತ್ತಿದಂತೆ ಕಾಣುತ್ತದೆ. ಕೆಂಪು ಗುಲಾಬಿಗೆ ಅದೇ ಕೆಂಪಿನ ಜೊತೆ ಚಿಟಿಕೆಯಷ್ಟು ಹಸಿರು ಸೇರಿದರೆ ಸಾಕು. ಹಳದಿ ಗುಲಾಬಿಯ ನೆರಳಿಗೆ ನೀಲಿ ತಗುಲಿದರೆ ಎಸಳು ಎಲೆಯ ಬಣ್ಣಕ್ಕೆ ತಿರುಗುವುದರಿಂದ ಅಲ್ಲಿ ಯೆಲ್ಲೋ ಓಕರ್ (ಮಣ್ಣಿನ ಹಳದಿ) ಅಥವಾ ಬರ್ನ್ಟ್ ಸಿಯೆನ್ನಾ (ಕೆಂಪು ಛಾಯೆಯ ಕಂದು) ಒಪ್ಪುತ್ತದೆ. ಬಿಳಿ ಗುಲಾಬಿಗೆ ಹಾಳೆಯೇ ಬಣ್ಣ. ನೀಲಿಗೆ ತುಸು ಬರ್ನ್ಟ್ ಸಿಯೆನ್ನಾ ಕೂಡಿಸಿದ ಬಹಳ ತೆಳುವಾದ ಬೂದು ನೆರಳು, ಆಳದಲ್ಲಿ ಹಳದಿಯ ಛಾಯೆ, ಅಷ್ಟರಲ್ಲಿ ಅದು ಮುಗಿಯುತ್ತದೆ. ಎಲ್ಲ ಆದ ಮೇಲೆ ಸುತ್ತಲೂ ಕಪ್ಪು ಪೆನ್ನಿನ ಗೆರೆ ಎಳೆಯುವ ಆಸೆ ಹಲವರಿಗೆ ಬರುತ್ತದೆ. ಮೆದುವಾಗಿ ಬಿಟ್ಟ ಅಂಚುಗಳ ಶ್ರಮವೆಲ್ಲ ಅದರಿಂದ ನೀರಿನಲ್ಲಿ ಹೋಮ ಮಾಡಿದಂತಾಗುತ್ತದೆ.

ಹೂವಿನ ಬುಡದಲ್ಲಿ ಐದು ಹಸಿರು ಪುಷ್ಪಪತ್ರಗಳಿರುತ್ತವೆ. ಹೂವು ಅರಳಿದಂತೆ ಅವು ಕೆಳಕ್ಕೆ ಬಾಗುತ್ತವೆ. ಎಲೆಯಲ್ಲಿ ಸಾಮಾನ್ಯವಾಗಿ ಐದು ಅಥವಾ ಏಳು ಕಿರುಎಲೆಗಳಿದ್ದು, ಒಂದು ತುದಿಯಲ್ಲಿಯೂ ಉಳಿದವು ಜೋಡಿಜೋಡಿಯಾಗಿಯೂ ಇರುತ್ತವೆ, ಅವುಗಳ ಅಂಚು ಗರಗಸದ ಹಲ್ಲಿನಂತಿರುತ್ತದೆ. ಟ್ಯೂಬಿನ ಹಸಿರು ತೀರ ಢಾಳಾಗಿದ್ದರೆ ಹೂವಿಗೆ ಬಳಸಿದ ಕೆಂಪನ್ನೇ ತುಸು ಬೆರೆಸಿದಾಗ ಎಲೆಗೂ ಹೂವಿಗೂ ಹೊಂದಿಕೆ ಬರುತ್ತದೆ. ಮುಳ್ಳುಗಳನ್ನು ಸೂಜಿಯಂತೆ ನೆಡಬೇಡಿ. ಅವು ಕಾಂಡದ ಸಿಪ್ಪೆಯಿಂದಲೇ ಅಗಲ ಬುಡದೊಂದಿಗೆ ಎದ್ದು, ಹೆಚ್ಚಾಗಿ ಕೆಳಮುಖವಾಗಿ ಬಾಗಿರುತ್ತವೆ. ಕಾಂಡದ ಮೇಲ್ತುದಿಯಲ್ಲಿ, ಹೂವಿನ ನೆರಳು ಬೀಳುವಷ್ಟು ಜಾಗಕ್ಕೆ ಗಾಢ ಹಸಿರನ್ನು ಕೊನೆಯದಾಗಿ ಇಡಿ.