ನೆಗೆತ ತಪ್ಪಿಸುತ್ತಿದ್ದ ಚಾರ್ಜರ್

ಫೋನಿನಲ್ಲಿ ನಾನು ಆಡುವುದು ಹಲಗೆಯಿಂದ ಹಲಗೆಗೆ ನೆಗೆಯುತ್ತ ಸಾಗುವ ಆಟ. ಗುಂಡಿ ಒತ್ತಿದರೂ ನಾಯಕ ಕೆಲವೊಮ್ಮೆ ಕದಲುತ್ತಿರಲಿಲ್ಲ. ಕೆಲವೊಮ್ಮೆ ತಾನೇ ನೆಗೆದು ಕಂದಕಕ್ಕೆ ಬೀಳುತ್ತಿದ್ದ. ವಿಜಯಪುರದ ಮೇ ತಿಂಗಳ ಬಿಸಿಲಲ್ಲವೇ, ಬೆರಳಿನ ಬೆವರಿರಬೇಕೆಂದು ಪರದೆ ಒರೆಸಿದೆ. ಆಟವನ್ನು ತೆಗೆದು ಮತ್ತೆ ಹಾಕಿದೆ. ಊಹೂಂ.

ಆಂಡ್ರಾಯ್ಡ್‌ನ ಡೆವಲಪರ್ ಆಯ್ಕೆಗಳಲ್ಲಿ ಪರದೆಗೆ ಎಲ್ಲೆಲ್ಲಿ ಸ್ಪರ್ಶ ತಗುಲುತ್ತಿದೆ ಎಂದು ಗೆರೆ ಎಳೆದು ತೋರಿಸುವ ‘ಪಾಯಿಂಟರ್ ಸ್ಥಳ’ ಆನ್ ಮಾಡಿದಾಗ ಕಳ್ಳ ಸಿಕ್ಕಿಬಿದ್ದ. ಬೆರಳಿಡದ ಕಡೆಯೂ ಪರದೆಯ ಮೇಲೆ ಸಣ್ಣ ಗೆರೆಗಳು ಚಿಮ್ಮುತ್ತಿದ್ದವು, ಅದೂ ಚಾರ್ಜರ್ ಹಾಕಿದ್ದಾಗ ಮಾತ್ರ! ಗಾಂಧಿ ಚೌಕದ ಬಳಿ ಅಗ್ಗಕ್ಕೆ ಕೊಂಡದ್ದು ಅದು. ಪರದೆ ಬೆರಳನ್ನು ಗುರುತಿಸುವುದು ವಿದ್ಯುದಾವೇಶದ ಅತಿ ಸಣ್ಣ ಏರುಪೇರಿನಿಂದ. ಕಳಪೆ ಚಾರ್ಜರಿನ ವಿದ್ಯುತ್ ಗದ್ದಲ, ಅಂದರೆ ಬೇಡದ ಏರಿಳಿತ, ಆ ಲೆಕ್ಕವನ್ನೇ ಕೆಡಿಸುತ್ತದೆ.

ಫೋನಿನೊಂದಿಗೆ ಬಂದಿದ್ದ ಚಾರ್ಜರ್ ಹಾಕಿದೆ, ಗೆರೆಗಳು ಮಾಯ. ಆದರೂ ಈಗ ಚಾರ್ಜ್ ಮುಗಿಸಿಯೇ ಆಡುತ್ತೇನೆ. ಈ ಸೆಕೆಯಲ್ಲಿ ಚಾರ್ಜ್ ಆಗುತ್ತಿರುವಾಗಲೇ ಆಡಿ ಫೋನ್ ಕಾದರೆ ಪ್ರೊಸೆಸರ್ ವೇಗ ತಗ್ಗಿಸಿ ಆಟ ತಡವರಿಸುತ್ತದೆ.