ಲೋಡಿಂಗ್ ಸಾಫ್ಟ್‌ವೇರ್ ಬೇಕಾ? ಮೊದಲು ಟೇಪು ಹಿಡಿಯಿರಿ

ಸಂಜೆ ಹೊತ್ತು ಪೀಣ್ಯದ ಗೋಡೌನುಗಳ ಮುಂದೆ ನಿಂತು ನೋಡಿ. ಟೆಂಪೋ ತುಂಬಿದೆ, ನಾಲ್ಕು ಬಾಕ್ಸ್ ಇನ್ನೂ ಕೆಳಗೇ ಇವೆ. ಅಷ್ಟಕ್ಕೇ ಇನ್ನೊಂದು ಗಾಡಿ, ಇನ್ನೊಂದು ಬಾಡಿಗೆ. ಈ ತಾಪತ್ರಯ ತಪ್ಪಿಸಲೆಂದೇ, ಯಾವ ಬಾಕ್ಸ್ ಯಾವ ಗಾಡಿಯಲ್ಲಿ ಎಲ್ಲಿ ಇಡಬೇಕು ಅಂತ ಹೇಳುವ ಲೋಡಿಂಗ್ ಸಾಫ್ಟ್‌ವೇರ್ ಇರುವುದು. ಆದರೆ ದುಡ್ಡು ಕೊಡುವ ಮುಂಚೆ ಸ್ವಲ್ಪ ಕೆಲಸವಿದೆ.

ಮೊದಲು ಅಳತೆ. ಪ್ರತಿ ಬಾಕ್ಸಿನ ಉದ್ದ, ಅಗಲ, ಎತ್ತರ, ತೂಕ ಬರೆದಿಡಿ. ಯಾವುದನ್ನು ಮಗುಚಬಾರದು, ಯಾವುದರ ಮೇಲೆ ಎಷ್ಟು ಹೇರಬಹುದು ಅನ್ನುವುದೂ ಇರಲಿ. ಗಾಡಿಯನ್ನು ಅಳೆಯುವಾಗ ಬಾಗಿಲು ಮರೆಯಬೇಡಿ. 20 ಅಡಿ ಕಂಟೇನರಿನ ಒಳಗಿನ ಎತ್ತರ ಸುಮಾರು 2.39 ಮೀಟರ್, ಬಾಗಿಲಿನದು 2.28ರ ಆಸುಪಾಸು. 2.35 ಮೀಟರಿನ ಮಷಿನ್ ಕಂಪ್ಯೂಟರಿನಲ್ಲಿ ಚೆನ್ನಾಗಿ ಕೂರುತ್ತದೆ, ಬಾಗಿಲು ಮಾತ್ರ ದಾಟುವುದಿಲ್ಲ.

ಆಮೇಲೆ ನಿಮ್ಮ ಮಾಲು ಎಂಥದ್ದು ನೋಡಿ. ಕಬ್ಬಿಣದ ಸಾಮಾನಾದರೆ ಜಾಗ ಉಳಿದಿರುವಾಗಲೇ ತೂಕದ ಮಿತಿ ಮುಗಿಯುತ್ತದೆ. ಥರ್ಮಾಕೋಲ್, ಹಾಸಿಗೆಯಾದರೆ ಉಲ್ಟಾ. ತೂಕವೇ ತೊಂದರೆ ಅನ್ನುವವರಿಗೆ ಬಣ್ಣಬಣ್ಣದ ತ್ರೀಡಿ ಚಿತ್ರ ತೋರಿಸುವ ಸಾಫ್ಟ್‌ವೇರ್ ಸುಮ್ನೆ ಖರ್ಚು. ಎಕ್ಸೆಲ್ ಶೀಟೇ ಸಾಕಾಗಬಹುದು.

ಹೇಗೆ ಅಂತೀರಾ? 750 ಕಿಲೋ ಹೊರುವ ಟೆಂಪೋ ಇದೆ ಅಂದುಕೊಳ್ಳಿ. ಮಾಲು 250, 350, 400, 500 ಕಿಲೋ, ಇದೇ ಸಾಲಿನಲ್ಲಿ ಬಂತು. ಬಂದ ಹಾಗೇ ತುಂಬಿದರೆ ಮೊದಲ ಗಾಡಿಗೆ 250, 350. ಎರಡನೆಯದಕ್ಕೆ 400. 500ಕ್ಕೆ ಎರಡರಲ್ಲೂ ಜಾಗವಿಲ್ಲ, ಮೂರನೇ ಗಾಡಿ ಬೇಕು. ಈಗ ದೊಡ್ಡದರಿಂದ ಶುರು ಮಾಡಿ: 500 ಒಂದಕ್ಕೆ, 400 ಇನ್ನೊಂದಕ್ಕೆ, ಅದರ ಜೊತೆ 350, ಮೊದಲನೆಯದಕ್ಕೆ 250. ಎರಡೇ ಗಾಡಿ! ಇದಕ್ಕೆ 'ಫಸ್ಟ್ ಫಿಟ್ ಡಿಕ್ರೀಸಿಂಗ್' ಅಂತ ಹೆಸರು. ಯಾವಾಗಲೂ ಇಷ್ಟು ಕರಾರುವಾಕ್ಕಾಗಿ ಕೂರಲ್ಲ. ಆದರೂ ತೂಕವೊಂದನ್ನೇ ನೋಡುವಾಗ, 9 ಗಾಡಿ ಸಾಕಾಗುವ ಕಡೆ ಈ ವಿಧಾನ 11 ದಾಟುವುದಿಲ್ಲ ಅಂತ ಗಣಿತದವರು ಸಾಬೀತು ಮಾಡಿದ್ದಾರೆ. ಆಫೀಸಿನಲ್ಲಿ ಕೋಡ್ ಬರೆಯುವ ಹುಡುಗರಿದ್ದರೆ ಗೂಗಲ್‌ನ ಓಆರ್-ಟೂಲ್ಸ್ ಅನ್ನುವ, ಇಂಥ ಲೆಕ್ಕ ಬಿಡಿಸುವ ರೆಡಿಮೇಡ್ ಕೋಡ್ ಪುಕ್ಕಟೆ ಸಿಗುತ್ತದೆ. ಇಂಥ ಹಂಚಿಕೆಗೂ ಆಗುತ್ತದೆ, ರೂಟ್ ಹಾಕುವುದಕ್ಕೂ ಆಗುತ್ತದೆ.

ಮೂರ್ನಾಲ್ಕು ಕಡೆ ಇಳಿಸುವವರು ಕೇಳಲೇಬೇಕಾದ ಪ್ರಶ್ನೆ ಒಂದಿದೆ: ಇಳಿಸುವ ಸರದಿ ಇದಕ್ಕೆ ಗೊತ್ತಾ? ನಾನು ಕೇಳಲಿಲ್ಲ. ಮೊದಲು ಯಶವಂತಪುರ, ಕೊನೆಗೆ ಚಿಕ್ಕಪೇಟೆ ಅಂತ ಗಾಡಿ ಹೊರಟಿತ್ತು. ಸಾಫ್ಟ್‌ವೇರ್ ಯಶವಂತಪುರದ ಬಾಕ್ಸುಗಳನ್ನು ಕ್ಯಾಬಿನ್ನಿಗೆ ಒತ್ತಿಕೊಂಡ ಹಾಗೆ ಒಳಗೆ ಇಡಿಸಿತ್ತು. ಅರ್ಧ ಲೋಡು ರಸ್ತೆಗಿಳಿಸಿ ಮತ್ತೆ ಹೇರಿದೆವು, ಹಿಂದಿದ್ದ ಆಟೋದವರ ಆಶೀರ್ವಾದ ಬೇರೆ.

ಕೊನೆಗೆ ಡೆಮೊ. ಸಾಫ್ಟ್‌ವೇರ್ ಮಾರುವವರು ತಂದ ಉದಾಹರಣೆ ನೋಡಬೇಡಿ, ನಿಮ್ಮದೇ ಹತ್ತು ಹಳೆಯ ಟ್ರಿಪ್ ಕೊಡಿ. ಗಾಡಿ ಎಷ್ಟು ಉಳಿಯಿತು ಎಣಿಸಿ. ಸಾಫ್ಟ್‌ವೇರ್ ಕೊಟ್ಟ ಪ್ಲಾನಿನ ಪ್ರಿಂಟ್ ತೆಗೆದು ಲೋಡಿಂಗ್ ಮಾಡುವವರ ಕೈಗೂ ಕೊಡಿ. ನಮ್ಮಲ್ಲಿ ಒಬ್ಬರು ಅರೆಗಳಿಗೆ ನೋಡಿ ಹೇಳಿದರು: "ಸಾರ್, ಈ ಬಾಕ್ಸ್ ಕೊನೆಗೆ ಇಡೋದಾದ್ರೆ ನಾನು ಎಲ್ಲಿ ನಿಂತ್ಕೊಳ್ಳಲಿ?"