ಇಪ್ಪತ್ತು ಡಬ್ಬಿ ಪೆಲೆಟ್, ಒಂದು ಗಾಜಿನ ಹಲಗೆ

ವಾರಕ್ಕೆ ಐದು ದಿನ ಏರ್ ಪಿಸ್ತೂಲ್ ಅಭ್ಯಾಸ ಮಾಡುತ್ತೇನೆ. ದಿನಕ್ಕೆ 80 ಹೊಡೆತ ಅಂದರೆ ವಾರಕ್ಕೆ 400 ಪೆಲೆಟ್, ಅಂದರೆ ಸೀಸದ ಪುಟ್ಟ ಗುಂಡು, ಬೇಕು. ಒಂದು ಡಬ್ಬಿಯಲ್ಲಿ ಇರುವುದು 500. ಹತ್ತು ದಿನವೂ ಬರುವುದಿಲ್ಲ. ಹಾಗಾಗಿ ಆರು ತಿಂಗಳಿಗೊಮ್ಮೆ 20 ಡಬ್ಬಿ ಒಟ್ಟಿಗೆ ತರಿಸಿ, ಮನೆಯಲ್ಲೇ ಪರೀಕ್ಷೆ ಮಾಡಿ, ಆರಿಸಿ ಇಟ್ಟುಕೊಳ್ಳುತ್ತೇನೆ. ನಾಲ್ಕು ವರ್ಷದಿಂದ ಇದೇ ನಡೆದಿದೆ. ಮೊದಲ ವರ್ಷ ತಪ್ಪು ಕೆಲಸಕ್ಕೆ ಜಾಸ್ತಿ ಹೊತ್ತು ಕೊಟ್ಟೆ. ಹೊಸದಾಗಿ ಶುರು ಮಾಡುವವರಿಗೆ ಆ ಹೊತ್ತು ಉಳಿಯಲಿ ಅಂತ ಬರೆಯುತ್ತಿದ್ದೇನೆ.

ಮೊದಲೇ ಒಂದು ಮಾತು. ಹೊರದೇಶಗಳಲ್ಲಿ ಪಿಸ್ತೂಲಿನ ಕಾಡತೂಸುಗಳನ್ನು ಮನೆಯಲ್ಲೇ ಸಾವಿರಗಟ್ಟಲೆ ತುಂಬಿಕೊಳ್ಳುವ ಹವ್ಯಾಸಿಗಳಿದ್ದಾರೆ. ಪ್ರೆಸ್ಸಿನ ಹಿಡಿ ಎಳೆದಂತೆಲ್ಲ ಒಂದೊಂದು ಗುಂಡು ತಯಾರಾಗಿ ಬೀಳುತ್ತದೆ. ನಮ್ಮಲ್ಲಿ ಪರವಾನಗಿ ಇಲ್ಲದೆ ಮದ್ದುಗುಂಡು ತಯಾರಿಸುವುದು 1959ರ ಶಸ್ತ್ರಾಸ್ತ್ರ ಕಾಯ್ದೆಯ ಪ್ರಕಾರ ಅಪರಾಧ. ನಾನು ಹೇಳುತ್ತಿರುವುದು ಅದಲ್ಲ. 10 ಮೀಟರ್ ಏರ್ ಪಿಸ್ತೂಲಿಗೆ ಮದ್ದೇ ಬೇಡ. ಒತ್ತಿ ತುಂಬಿದ ಗಾಳಿ, 4.5 ಮಿಲಿಮೀಟರ್ ಅಗಲದ ಸೀಸದ ಪೆಲೆಟ್, ಇಷ್ಟೇ. ತಯಾರಿಸುವ ಕೆಲಸ ಕಾರ್ಖಾನೆಯದು, ಆರಿಸುವ ಕೆಲಸ ನಮ್ಮದು.

ಪೆಲೆಟ್ಟನ್ನು ಕೈಯಲ್ಲಿ ಹಿಡಿದು ನೋಡದವರಿಗಾಗಿ: ಅದು ಪುಟ್ಟ ಡಮರುಗದ ಹಾಗಿರುತ್ತದೆ. ಮುಂದೆ ಚಪ್ಪಟೆ ತಲೆ, ನಡು ಸಣ್ಣ, ಹಿಂದೆ ಟೊಳ್ಳಾದ ಸ್ಕರ್ಟ್. ಚಪ್ಪಟೆ ತಲೆ ಕಾಗದವನ್ನು ಗುಂಡಗೆ ಕತ್ತರಿಸುತ್ತದೆ, ಅಂಕ ಎಣಿಸಲು ಸುಲಭ. ಸ್ಕರ್ಟಿನ ಗೋಡೆ ತುಂಬ ತೆಳು. ಗಾಳಿಯ ಒತ್ತಡಕ್ಕೆ ಅದು ಅರಳಿ ಬ್ಯಾರಲ್ಲಿನ ಒಳಗೋಡೆಗೆ ಅಂಟಿಕೊಳ್ಳಬೇಕು. ಅದೇ ಕಾರಣಕ್ಕೆ ಉಗುರು ತಾಕಿದರೂ ತಗ್ಗು ಬೀಳುತ್ತದೆ.

ಮೊದಲ ವರ್ಷ ನಾನು ಹಿಡಿದದ್ದು ತೂಕದ ದಾರಿ. ನನ್ನ ಪೆಲೆಟ್ 0.49 ಗ್ರಾಮಿನದು. ಪುಣೆಯ ಲಕ್ಷ್ಮೀ ರಸ್ತೆಯ ಕಡೆ ಅಕ್ಕಸಾಲಿಗರ ಸಾಮಾನು ಮಾರುವ ಅಂಗಡಿಯಿಂದ ಒಂದು ಮಿಲಿಗ್ರಾಂವರೆಗೆ ತೋರಿಸುವ ತಕ್ಕಡಿ ತಂದೆ. ಕೊಥ್ರೂಡಿನ ನಮ್ಮ ಫ್ಲ್ಯಾಟಿನ ಊಟದ ಮೇಜಿನ ಮೇಲೆ ಇಟ್ಟು ತೂಗಲು ಕೂತರೆ ಅಂಕಿ ನಿಲ್ಲಲೇ ಇಲ್ಲ. 0.487, 0.493, ಮತ್ತೆ 0.485. ಅದೇ ಪೆಲೆಟ್!

ನಮ್ಮ ಮಾವ ಗದಗಿನಲ್ಲಿ ನಲವತ್ತು ವರ್ಷ ಪತ್ತಾರಿಕೆ ಮಾಡಿದವರು. ಈಗ ನಮ್ಮ ಜೊತೆ ಪುಣೆಯಲ್ಲಿದ್ದಾರೆ. ಸ್ವಲ್ಪ ಹೊತ್ತು ನೋಡಿದರು, ಆಮೇಲೆ ಎದ್ದು ಬಂದರು.

"ಫ್ಯಾನ್ ಹಚ್ಚಿಕೊಂಡು ಯಾರರೆ ತೂಕ ಮಾಡ್ತಾರೇನವಾ? ಮೊದಲ ಅದನ್ನ ಬಂದ್ ಮಾಡು. ತಕ್ಕಡಿ ಅರ್ಧ ತಾಸು ಚಾಲೂ ಇರ್ಲಿ, ಆಮ್ಯಾಲೆ ನಂಬು."

ಫ್ಯಾನ್ ಬಂದ್ ಮಾಡಿದೆ. ಕಿಟಕಿಯನ್ನೂ ಮುಚ್ಚಿದೆ. ಅಲುಗಾಡುವ ಮೇಜು ಬಿಟ್ಟು ಅಡುಗೆಕಟ್ಟೆಯ ಕಡಪಾ ಕಲ್ಲಿನ ಮೇಲೆ ತಕ್ಕಡಿ ಇಟ್ಟೆ. ಅಂಕಿ ನಿಂತಿತು. ಮಾವ ಒಂದು ಪೆಲೆಟ್ ಅಂಗೈಯಲ್ಲಿ ಹಾಕಿಕೊಂಡು, "ನಾಲ್ಕು ಗುಂಜಿ ಅದ" ಅಂದರು. ಗುಂಜಿಗೆ ಸುಮಾರು 0.12 ಗ್ರಾಂ. ಕಣ್ಣು ಮಂಜಾದರೂ ಕೈಲೆಕ್ಕ ತಪ್ಪಿರಲಿಲ್ಲ.

ಎರಡು ತಿಂಗಳು ಹೀಗೇ ಒಂದೊಂದೇ ತೂಗಿ, ಮೂರು ಗುಂಪು ಮಾಡಿಟ್ಟೆ. ಒಂದು ದಿನ ಮಾವನೇ ಕೇಳಿದರು: "ಬಂಗಾರದಾಗ ಇಷ್ಟು ಫರಕಿಗೂ ರೊಕ್ಕ ಅದ. ನಿನ್ನ ಗುಂಡು ಇಷ್ಟು ಫರಕಿಗೆ ಎಷ್ಟು ಸರೀತದ?"

ಅಲ್ಲಿಯವರೆಗೆ ನಾನು ಆ ಲೆಕ್ಕ ಹಾಕಿಯೇ ಇರಲಿಲ್ಲ. ಪೆಲೆಟ್ ಸೆಕೆಂಡಿಗೆ ಸುಮಾರು 150 ಮೀಟರ್ ವೇಗದಲ್ಲಿ ಹೋಗುತ್ತದೆ. 10 ಮೀಟರ್ ದಾಟಲು ಬೇಕಾಗುವುದು 0.07 ಸೆಕೆಂಡ್. ಅಷ್ಟರಲ್ಲಿ ಅದು ಕೆಳಗೆ ಇಳಿಯುವುದು ಎರಡೂವರೆ ಸೆಂಟಿಮೀಟರಿಗೂ ಕಡಿಮೆ. ತೂಕ ನೂರಕ್ಕೆ ಒಂದು ಪಾಲು ಹೆಚ್ಚಾದರೆ ವೇಗ ತುಸು ಇಳಿಯುತ್ತದೆ, ಪೆಲೆಟ್ ಕಾಲು ಮಿಲಿಮೀಟರಿನಷ್ಟು ಕೆಳಗೆ ಬೀಳುತ್ತದೆ. ಏರ್ ಪಿಸ್ತೂಲಿನ 10ರ ವೃತ್ತ 11.5 ಮಿಲಿಮೀಟರ್ ಅಗಲ! ರೈಫಲಿನವರ ಕಥೆ ಬೇರೆ. ಅವರ 10 ಅಂದರೆ ಅರ್ಧ ಮಿಲಿಮೀಟರಿನ ಚುಕ್ಕೆ, ಅವರು ತೂಗಲಿ. ಪಿಸ್ತೂಲಿನವರು ತೂಗುತ್ತಾ ಕೂರಬೇಕಿಲ್ಲ ಅಂತ ನಾನು ಗಟ್ಟಿಯಾಗಿ ಹೇಳುತ್ತೇನೆ. ಆ ಹೊತ್ತಿಗೆ ಖಾಲಿ ಗೋಡೆಯ ಮುಂದೆ ನಿಂತು, ಪೆಲೆಟ್ ಹಾಕದೆ, ಟ್ರಿಗರ್ ಅಭ್ಯಾಸ ಮಾಡಿದರೆ ಅಂಕ ಏರುತ್ತದೆ.

ಹಾಗಾದರೆ ಏನು ಮುಖ್ಯ? ನನ್ನ ಬ್ಯಾರಲ್ಲಿಗೆ ಒಪ್ಪುವ ಲಾಟ್, ಅಂದರೆ ಕಾರ್ಖಾನೆಯಲ್ಲಿ ಒಟ್ಟಿಗೆ ತಯಾರಾದ ಕಂತು, ಯಾವುದು ಅನ್ನುವುದು. ಡಬ್ಬಿಯ ಹಿಂದೆ ಎರಡು ಸಂಗತಿ ಅಚ್ಚಾಗಿರುತ್ತವೆ. ಒಂದು ತಲೆಯ ಅಳತೆ, 4.49 ಅಥವಾ 4.50 ಹೀಗೆ. ಇನ್ನೊಂದು ಲಾಟ್ ನಂಬರ್. ಅದೇ ಕಂಪನಿ, ಅದೇ ಅಳತೆ ಇದ್ದರೂ ಲಾಟ್ ಬದಲಾದರೆ ಗುರಿಯ ಮೇಲೆ ಬೀಳುವ ಹೊಡೆತಗಳ ಗುಂಪು ಬದಲಾಗಬಹುದು. ಪೆಲೆಟ್ ಮಾಡುವ ಅಚ್ಚು ಸವೆಯುತ್ತದೆ, ಹೊಸದು ಬರುತ್ತದೆ.

ಅದಕ್ಕೇ ಈಗ 20 ಡಬ್ಬಿ ತರಿಸುವ ಮೊದಲು ಬೇರೆ ಬೇರೆ ಲಾಟಿನ ಮೂರೋ ನಾಲ್ಕೋ ಡಬ್ಬಿ ಮಾತ್ರ ತರಿಸುತ್ತೇನೆ. ಕ್ಲಬ್ಬಿನಲ್ಲಿ ಕೋಚ್ ಒಪ್ಪಿಗೆ ಪಡೆದು, ಭಾನುವಾರ ಬೆಳಿಗ್ಗೆ ಜನ ಬರುವ ಮೊದಲು ಪಿಸ್ತೂಲನ್ನು ವೈಸಿನಲ್ಲಿ, ಅಂದರೆ ಅಲುಗದಂತೆ ಬಿಗಿಹಿಡಿಯುವ ಇಕ್ಕಳದಲ್ಲಿ, ಕೂರಿಸುತ್ತೇನೆ. ಹಿಡಿಯ ಭಾಗಕ್ಕೆ ಸೈಕಲ್ ಟ್ಯೂಬಿನ ರಬ್ಬರ್ ಸುತ್ತಿ ಬಿಗಿಯಬೇಕು. ಗಾಳಿಯ ಸಿಲಿಂಡರಿಗೆ ವೈಸ್ ತಾಕಲೇ ಬಾರದು. 200 ಬಾರ್ ಒತ್ತಡ ಇರುವ ವಸ್ತು ಅದು.

ಪ್ರತಿ ಲಾಟಿಗೂ ಮೊದಲ 15 ಹೊಡೆತ ಲೆಕ್ಕಕ್ಕಿಲ್ಲ. ಬ್ಯಾರಲ್ಲಿನೊಳಗೆ ಹಿಂದಿನ ಪೆಲೆಟ್ಟಿನ ಸೀಸದ ಪದರ ಇರುತ್ತದೆ, ಹೊಸದಕ್ಕೆ ಅದು ಹೊಂದಿಕೊಳ್ಳಬೇಕು. ಆಮೇಲೆ ಐದೈದು ಹೊಡೆತದ ಐದು ಗುರಿ ಕಾರ್ಡ್. ಪ್ರತಿ ಕಾರ್ಡಿನ ರಂಧ್ರದ ಹೊರ ಅಂಚಿನಿಂದ ಹೊರ ಅಂಚಿಗೆ ವರ್ನಿಯರ್ ಕ್ಯಾಲಿಪರ್ ಹಿಡಿದು ಅಳೆಯುವುದು, ಅದರಿಂದ 4.5 ಕಳೆಯುವುದು. ಕಳೆದ ಸಲ ಒಂದು ಲಾಟ್ ಐದೂ ಕಾರ್ಡಿನಲ್ಲಿ 7 ಮಿಲಿಮೀಟರ್ ಆಸುಪಾಸಿನ ಒಂದೇ ರಂಧ್ರ ಕೊಟ್ಟಿತು. ಇನ್ನೊಂದರಲ್ಲಿ 9.5. ನೋಡಲು ಎರಡೂ ಡಬ್ಬಿ ಒಂದೇ! ಒಂದು ಕಾರ್ಡ್ ನೋಡಿ ತೀರ್ಮಾನಿಸಬೇಡಿ. ಕೆಟ್ಟ ಲಾಟೂ ಒಮ್ಮೊಮ್ಮೆ ಚೆಂದದ ರಂಧ್ರ ಮಾಡುತ್ತದೆ.

ಗೆದ್ದ ಲಾಟಿನ ನಂಬರ್ ಬರೆದು ಅದೇ ಬೇಕು ಅಂತ ಹೇಳಿ 20 ಡಬ್ಬಿ ತರಿಸುತ್ತೇನೆ. ಬಂದ ಕೂಡಲೇ ಪ್ರತಿ ಡಬ್ಬಿಯ ಹಿಂದೆ ನೋಡಿ. ಒಮ್ಮೆ ನನಗೆ ಬಂದ 20ರಲ್ಲಿ ಆರು ಬೇರೆ ಲಾಟಿನವು. ನೋಡಿದ್ದು ಹದಿನೈದು ದಿನದ ಮೇಲೆ. ಮಾರಿದವರು ವಾಪಸ್ ತಗೊಳ್ಳಲಿಲ್ಲ.

ಇನ್ನು ಮನೆಯ ಕೆಲಸ. ಹಳೆಯ ಫೋಟೋ ಫ್ರೇಮಿನ ಗಾಜು ತೆಗೆದು, ಒಂದು ಬದಿಗೆ ಪುಸ್ತಕ ಇಟ್ಟು ತುಸು ಓರೆ ಮಾಡುತ್ತೇನೆ. ಮೇಲಿನ ಅಂಚಿನಲ್ಲಿ ಪೆಲೆಟ್ ಅಡ್ಡ ಇಟ್ಟು ಬಿಟ್ಟರೆ ಅದು ನೇರವಾಗಿ ಉರುಳುವುದಿಲ್ಲ. ಚಕ್ಕಡಿಯ ಒಂದು ಗಾಲಿ ದೊಡ್ಡದು, ಒಂದು ಸಣ್ಣದು ಆದರೆ ಗಾಡಿ ಒಂದು ಕಡೆಗೆ ತಿರುಗುತ್ತದೆ ಅಲ್ವಾ, ಹಾಗೆ ಸ್ಕರ್ಟ್ ಅಗಲ, ತಲೆ ಸಣ್ಣ ಇರುವುದರಿಂದ ಕಮಾನಿನ ಹಾಗೆ ಬಾಗಿ ಬರುತ್ತದೆ. ಸರಿಯಿದ್ದವೆಲ್ಲ ಕೆಳಗೆ ಹೆಚ್ಚುಕಡಿಮೆ ಒಂದೇ ಜಾಗಕ್ಕೆ ಬಂದು ಬೀಳುತ್ತವೆ. ಅಂಚು ಸೊಟ್ಟ ಆದದ್ದು ಮಾತ್ರ ಕುಂಟುತ್ತಾ ಬರುತ್ತದೆ. ಗಾಜಿನ ಮೇಲೆ ಅದರ ಟಕ್ ಟಕ್ ಸದ್ದೇ ಬೇರೆ. ನಾಲ್ಕು ವರ್ಷದಲ್ಲಿ ಕಣ್ಣಿಗಿಂತ ಮೊದಲು ನನ್ನ ಕಿವಿಗೆ ಅದು ಗೊತ್ತಾಗುತ್ತದೆ. ಅನುಮಾನ ಬಂದದ್ದನ್ನು ಮಾವನ ಭೂತಗನ್ನಡಿಯಲ್ಲಿ, ಸ್ಕರ್ಟನ್ನು ಬೆಳಕಿಗೆ ಹಿಡಿದು ನೋಡುತ್ತೇನೆ. ಚಿಮಟ ಬೇಡ, ಅದೇ ತಗ್ಗು ಮಾಡುತ್ತದೆ. ಬೆರಳೇ ಸಾಕು. ಒಂದು ಡಬ್ಬಿಗೆ ಮುಕ್ಕಾಲು ತಾಸು ಹಿಡಿಯುತ್ತದೆ, 500ರಲ್ಲಿ ಹತ್ತು ಹದಿನೈದು ಆಚೆ ಹೋಗುತ್ತವೆ. ಅಕ್ಕಿಯಲ್ಲಿ ಕಲ್ಲು ಆರಿಸಿದ ಹಾಗೆ. ಆಚೆ ಹಾಕಿದವು ಸುಮ್ನೆ ಹಾಳಲ್ಲ, ಖಾಲಿ ಕಾರ್ಡಿನ ಅಭ್ಯಾಸಕ್ಕೆ ಆಗುತ್ತವೆ.

ಒಂದು ತಪ್ಪು ಮಾಡಿದ್ದೆ, ಅದನ್ನೂ ಹೇಳಬೇಕು. ಎರಡನೇ ವರ್ಷ ಪೆಲೆಟ್ ತೊಳೆದರೆ ಸೀಸದ ಪುಡಿ ಹೋಗುತ್ತದೆ ಅಂತ ಸೋಪಿನ ನೀರಲ್ಲಿ ತೊಳೆದೆ. ಬಟ್ಟೆಯ ಮೇಲೆ ಒಣಗಿಸಿ ಚೆಂದದ ಮರದ ಪೆಟ್ಟಿಗೆಯಲ್ಲಿ ತುಂಬಿಟ್ಟೆ. ಅದು ಜೂನ್. ಆಗಸ್ಟಿನಲ್ಲಿ ತೆಗೆದರೆ ಮೇಲೆಲ್ಲ ಬಿಳಿ ಪುಡಿ. ಸ್ಕರ್ಟಿನ ಟೊಳ್ಳಿನಲ್ಲಿ ನೀರು ಉಳಿದಿತ್ತು. ಜೊತೆಗೆ ಪುಣೆಯ ಮಳೆಗಾಲದ ತೇವ. ಮರದಿಂದ ಬರುವ ಹುಳಿ ಆವಿಯೂ ಸೀಸವನ್ನು ತಿನ್ನುತ್ತದೆ. ಸುಮಾರು 1500 ಪೆಲೆಟ್ ಹೋದವು. ಆ ಪುಡಿ ವಿಷ. ಊದಬಾರದು, ಗುಡಿಸಬಾರದು. ಒದ್ದೆ ಬಟ್ಟೆಯಲ್ಲಿ ಒರೆಸಿ, ಎಲ್ಲವನ್ನೂ ಮುಚ್ಚಳದ ಡಬ್ಬಿಗೆ ಹಾಕಿ ಕ್ಲಬ್ಬಿನ ಸೀಸದ ತೊಟ್ಟಿಗೆ ಕೊಟ್ಟೆ. ಈಗ ತೊಳೆಯುವುದಿಲ್ಲ. ಕಾಗದದ ಮೇಲೆ ಮೆಲ್ಲಗೆ ಸುರಿದರೆ ಪುಡಿ ಕೆಳಗುಳಿಯುತ್ತದೆ. ಆಮೇಲೆ ಅದೇ ಡಬ್ಬಿಗೆ ವಾಪಸ್, ಡಬ್ಬಿ ಪ್ಲಾಸ್ಟಿಕ್ ಡಬ್ಬದೊಳಗೆ, ಜೊತೆಗೆ ತೇವ ಹೀರುವ ಸಿಲಿಕಾ ಜೆಲ್ ಪೊಟ್ಟಣ.

ಸೀಸದ ವಿಷಯದಲ್ಲಿ ಮನೆಯಲ್ಲಿ ಕಟ್ಟುನಿಟ್ಟು. ಮಗಳಿಗೆ ಏಳು ವರ್ಷ. ಅವಳು ಮಲಗಿದ ಮೇಲೇ ಗಾಜು ಹೊರಗೆ ಬರುತ್ತದೆ. ಅಡುಗೆಕಟ್ಟೆಯ ಮೇಲೆ ತೂಗಿದ್ದು ಆ ಎರಡೇ ತಿಂಗಳು, ಈಗ ನೆನೆದರೆ ಬೇಜಾರಾಗುತ್ತದೆ. ಈಗ ಬಾಲ್ಕನಿಯ ಮೇಜು, ಅದಕ್ಕೇ ಅಂತ ಒಂದು ತಟ್ಟೆ. ಕೆಲಸದ ನಡುವೆ ಚಹಾ ಇಲ್ಲ. ಮುಗಿದ ಕೂಡಲೇ ಸೋಪು ಹಚ್ಚಿ ತಣ್ಣೀರಲ್ಲಿ ಕೈ ತೊಳೆಯುವುದು.

ಇಷ್ಟೆಲ್ಲ ಮಾಡಿದ್ದಕ್ಕೆ ನನ್ನ ಅಂಕ ಏರಿತಾ ಅಂತ ಕ್ಲಬ್ಬಿನ ಹುಡುಗರು ಕೇಳುತ್ತಾರೆ. 2024ರಲ್ಲಿ ಸ್ವಪ್ನಿಲ್ ಕುಸಾಳೆ ಪ್ಯಾರಿಸ್ಸಿನಲ್ಲಿ ರೈಫಲ್ ಕಂಚು ಗೆದ್ದ ಮೇಲೆ ನಮ್ಮಲ್ಲಿ ಹೊಸ ಮಕ್ಕಳು ಜಾಸ್ತಿ ಬರುತ್ತಿದ್ದಾರೆ. ಅವರಿಗೆ ನಾನು ಹೇಳುವುದು ಒಂದು ಹೊಡೆತದ ಕಥೆ. ಕಳೆದ ಚಳಿಗಾಲ ಪುಣೆಯ ಬಾಲೇವಾಡಿಯಲ್ಲಿ 60 ಹೊಡೆತದ ಪಂದ್ಯ. 43ನೆಯದು ಎಡಕ್ಕೆ ಹೋಗಿ 7 ಬಿತ್ತು. ಮೊದಲಾಗಿದ್ದರೆ ಪೆಲೆಟ್ ಸೊಟ್ಟ ಇತ್ತೇನೋ ಅಂತ ಮುಂದಿನ ಐದು ಹೊಡೆತವೂ ಅನುಮಾನದಲ್ಲೇ ಹೋಗುತ್ತಿದ್ದವು. ಆ ದಿನ ಗೊತ್ತಿತ್ತು: ಬೆರಳು ಟ್ರಿಗರನ್ನು ಪಕ್ಕಕ್ಕೆ ಒತ್ತಿದೆ. ಪಿಸ್ತೂಲ್ ಕೆಳಗಿಟ್ಟೆ. ಎರಡು ಸಲ ಉಸಿರು ಎಳೆದು ಬಿಟ್ಟೆ. ಹಿಡಿ ಮತ್ತೆ ಹಿಡಿದೆ. 44ನೆಯದು 10.

ಈಗ ಕಪಾಟಿನಲ್ಲಿ ಆರು ಡಬ್ಬಿ ಉಳಿದಿವೆ. ಹೊಸ ಲಾಟಿನ ಮೂರು ಡಬ್ಬಿ ಶುಕ್ರವಾರ ಬಂದವು. ಭಾನುವಾರ ಏಳು ಗಂಟೆಗೆ ವೈಸ್ ನನ್ನ ಹೆಸರಿಗಿದೆ. ಕಾರ್ಡ್ ಅಳೆಯಲು ಮಾವನೂ ಬರುತ್ತೇನೆ ಅಂದಿದ್ದಾರೆ.